ಒಡೆಯನೋ, ಮೊಕ್ತೇಸರನೋ?

ಫುಟ್‌ಬಾಲ್ ಕ್ಲಬ್ಬಿನ ಒಡೆತನವೆಂಬುದು ಒಂದು ವಿಚಿತ್ರ ಬಗೆಯ ಆಸ್ತಿ. ಕಾಗದದ ಮೇಲೆ ಅದು ಷೇರುಗಳ ಲೆಕ್ಕ. ಬೀದಿಯಲ್ಲಿ ಅದು ಊರಿನ ಮಾನ. ಒಡೆಯನಿಗೆ ಬೇಸರವಾದರೆ ಪಾಲು ಮಾರಿ ಹೊರಟುಹೋಗಬಹುದು. ಅಭಿಮಾನಿಗೆ ಮಾರಲು ಏನೂ ಇಲ್ಲ, ಹೋಗಲು ಬೇರೆ ಊರೂ ಇಲ್ಲ. ಕೊಚ್ಚಿಯಲ್ಲಿ ಕೆಲವು ವರ್ಷಗಳಿಂದ ಕುದಿಯುತ್ತಿರುವ ಸಿಟ್ಟಿನ ಮೂಲ ಈ ಅಸಮಾನತೆಯಲ್ಲಿದೆ ಎಂದು ನನಗೆ ತೋರುತ್ತದೆ.

ನಾನು ವಾಸವಿರುವ ವೈಟ್ಟಿಲದಿಂದ ಕಲೂರಿನ ಜವಾಹರಲಾಲ್ ನೆಹರೂ ಕ್ರೀಡಾಂಗಣಕ್ಕೆ ಮೆಟ್ರೋದಲ್ಲಿ ನೇರ ದಾರಿ. ಕೇರಳ ಬ್ಲಾಸ್ಟರ್ಸ್ ಆಡುವ ಸಂಜೆ ಆ ಬಂಡಿಗಳು ಹಳದಿಯಾಗುತ್ತವೆ. ಅಭಿಮಾನಿಗಳ ಬಳಗದ ಹೆಸರು ಮಂಜಪ್ಪಡ. ‘ಮಂಜ’ ಎಂದರೆ ಮಲಯಾಳದಲ್ಲಿ ಹಳದಿ; ‘ಪಡ’ ನಮ್ಮ ‘ಪಡೆ’ಯೇ. ಭಾರತದಲ್ಲಿ ಇಷ್ಟು ದೊಡ್ಡ ಅಭಿಮಾನಿ ಪಡೆಯುಳ್ಳ ತಂಡಗಳು ಕೋಲ್ಕತ್ತದ ಹಳೆಯ ಕ್ಲಬ್‌ಗಳನ್ನು ಬಿಟ್ಟರೆ ಹೆಚ್ಚಿಲ್ಲ.

ಆ ಪಡೆಗೆ ದೊರೆತದ್ದೇನು? 2014ರಲ್ಲಿ ಸಚಿನ್ ತೆಂಡೂಲ್ಕರ್ ಹಾಗೂ ಪ್ರಸಾದ್ ಪೊಟ್ಲೂರಿ ಅವರ ಒಡೆತನದಲ್ಲಿ ಕ್ಲಬ್ ಹುಟ್ಟಿತು. 2016ರಲ್ಲಿ ನಿಮ್ಮಗಡ್ಡ ಪ್ರಸಾದ್, ಚಿರಂಜೀವಿ, ನಾಗಾರ್ಜುನ, ಅಲ್ಲು ಅರವಿಂದ್ ಅವರು ಬರುತ್ತಿರುವ ಸಂಗತಿ ತಿರುವನಂತಪುರದಲ್ಲಿ, ಮುಖ್ಯಮಂತ್ರಿಗಳ ಸಮ್ಮುಖದಲ್ಲಿ ಪ್ರಕಟವಾಯಿತು. 2018ರಲ್ಲಿ ಸಚಿನ್ ತಮ್ಮ ಪಾಲನ್ನು ಬಿಟ್ಟುಕೊಟ್ಟು ಹೊರನಡೆದರು. ಆಗ ಕೇರಳ ಮೂಲದ ದೊಡ್ಡ ಉದ್ಯಮಿಯೊಬ್ಬರು ಕ್ಲಬ್ಬನ್ನು ಕೊಳ್ಳುತ್ತಾರೆಂಬ ಸುದ್ದಿ ಹಬ್ಬಿತು, ಅದು ನಿಜವಾಗಲಿಲ್ಲ. ಈ ಒಂದೊಂದು ತಿರುವಿನಲ್ಲೂ ಅಭಿಮಾನಿಗಳಿಗೆ ವಿಷಯ ತಿಳಿದದ್ದು ಪತ್ರಿಕೆಗಳಿಂದ.

ಮೈದಾನದಲ್ಲಿ 2014, 2016 ಮತ್ತು 2022ರಲ್ಲಿ ಮೂರು ಫೈನಲ್, ಮೂರೂ ಸೋಲು. ಕೊನೆಯ ಎರಡು ಪೆನಾಲ್ಟಿ ಒದೆತಗಳಲ್ಲಿ. ಸೋಲನ್ನು ಅಭಿಮಾನಿ ಸಹಿಸಬಲ್ಲ. ಆದರೆ ತಾವು ಕಣ್ಣೆದುರೇ ಬೆಳೆಯುವುದನ್ನು ಕಂಡ ಸಹಲ್ ಅಬ್ದುಲ್ ಸಮದ್ 2023ರಲ್ಲಿ ಮೋಹನ್ ಬಗಾನ್‌ಗೂ, ಜೀಕ್ಸನ್ ಸಿಂಗ್ 2024ರಲ್ಲಿ ಈಸ್ಟ್ ಬೆಂಗಾಲ್‌ಗೂ ಹೊರಟಾಗ ‘ಇವರಿಗೆ ಬೇಕಿರುವುದು ಕಿರೀಟವೋ, ಗಲ್ಲಾಪೆಟ್ಟಿಗೆಯೋ’ ಎಂಬ ಪ್ರಶ್ನೆ ಎದ್ದಿತು. 2024ರ ಡಿಸೆಂಬರ್‌ನಲ್ಲಿ ಸಾಲು ಸೋಲುಗಳ ಬಳಿಕ ತರಬೇತುದಾರ ಮಿಕಾಯೆಲ್ ಸ್ಟಾರೆ ಅವರನ್ನು ಕ್ಲಬ್ ಕೈಬಿಟ್ಟಿತು. ಮಂಜಪ್ಪಡದ ಸಿಟ್ಟು ಮಾತ್ರ ಅವರ ಮೇಲಿರಲಿಲ್ಲ, ಆಡಳಿತದ ಮೇಲಿತ್ತು. ಟಿಕೆಟ್ ಕೊಳ್ಳುವುದಿಲ್ಲವೆಂದು ಬಳಗ ಘೋಷಿಸಿತು. ಗ್ಯಾಲರಿಯಲ್ಲಿ ಪ್ರತಿಭಟನೆಯ ಫಲಕಗಳು ಏರಿದವು. ಬಳಿಕ ಕ್ಲಬ್ ಅಭಿಮಾನಿಗಳ ಸಲಹಾ ಮಂಡಳಿಯೊಂದನ್ನು ಘೋಷಿಸಿತು. ಒಳ್ಳೆಯದೇ. ಆದರೆ ಸಲಹೆಯನ್ನು ಕೇಳುವುದೂ ಬಿಡುವುದೂ ಒಡೆಯನ ಇಚ್ಛೆ.

ಒಡೆಯರ ಪರವಾಗಿಯೂ ನ್ಯಾಯವಾಗಿ ಹೇಳಬೇಕಾದ್ದಿದೆ. ಇಂಡಿಯನ್ ಸೂಪರ್ ಲೀಗ್‌ನಲ್ಲಿ ಕ್ಲಬ್ ನಡೆಸುವುದು ಲಾಭದ ವ್ಯವಹಾರವಲ್ಲ. 2025ರ ಅಕ್ಟೋಬರ್‌ನಲ್ಲಿ ಲೀಗಿನ ವಾಣಿಜ್ಯ ಹಕ್ಕುಗಳಿಗೆ ಟೆಂಡರ್ ಕರೆದಾಗ ಒಂದೂ ಬಿಡ್ ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ತೊಡಗಬೇಕಿದ್ದ ಋತು ಮರುವರ್ಷದ ಫೆಬ್ರವರಿಯವರೆಗೆ ಕಾಯಿತು. ಲೀಗಿಗೇ ಗಿರಾಕಿಯಿಲ್ಲದಾಗ ಅದರೊಳಗಿನ ಒಂದು ಕ್ಲಬ್ಬಿಗೆ ಎಲ್ಲಿಂದ ಬರಬೇಕು? ‘ಮಾರಿ ತೊಲಗಿ’ ಎಂದು ಕೂಗುವವರು ಕೊಳ್ಳುವವರು ಯಾರೆಂಬುದನ್ನೂ ಹೇಳಬೇಕಾಗುತ್ತದೆ.

ಮಾರಾಟವೇ ಮದ್ದು ಎಂಬ ನಂಬಿಕೆಯನ್ನು ನಾನು ಒಪ್ಪಲಾರದ್ದಕ್ಕೆ ಇನ್ನೊಂದು ಕಾರಣವೂ ಉಂಟು. 2022ರ ಫೈನಲ್‌ನಲ್ಲಿ ಬ್ಲಾಸ್ಟರ್ಸನ್ನು ಸೋಲಿಸಿದ ಹೈದರಾಬಾದ್ ಎಫ್‌ಸಿಯ ಕಥೆ ನೋಡಿ. ಪುಣೆಯ ಕ್ಲಬ್ 2019ರಲ್ಲಿ ಮುಚ್ಚಿದಾಗ ಅದರ ಸ್ಥಾನದಲ್ಲಿ ಹುಟ್ಟಿದ ತಂಡವದು. ಒಡೆಯರು ಬದಲಾದರು, 2025ರಲ್ಲಿ ತಂಡವೇ ದೆಹಲಿಗೆ ಹೋಗಿ ಹೊಸ ಹೆಸರು ಪಡೆಯಿತು. ದೆಹಲಿಯಲ್ಲಿದ್ದ ತಂಡವೋ, 2019ರಲ್ಲೇ ಭುವನೇಶ್ವರ ಸೇರಿತ್ತು. ಚಾಂಪಿಯನ್ ಪಟ್ಟ ಕಂಡ ಹೈದರಾಬಾದಿನ ಅಭಿಮಾನಿ ಮೂರೇ ವರ್ಷಗಳಲ್ಲಿ ತಂಡವಿಲ್ಲದವನಾದ. ಕೊಚ್ಚಿಗೂ ಇಂಥ ನೆನಪಿದೆ: 1997ರಲ್ಲಿ ಹುಟ್ಟಿ ಅದೇ ವರ್ಷ ಡುರಾಂಡ್ ಕಪ್ ಗೆದ್ದ ಎಫ್‌ಸಿ ಕೊಚ್ಚಿನ್, ಹಣವಿಲ್ಲದೆ 2002ರಲ್ಲಿ ಬಾಗಿಲು ಹಾಕಿತು. ಬ್ಲಾಸ್ಟರ್ಸಿನ ಲಾಂಛನ ಆನೆ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತೇವೆ. ಸತ್ತ ಕ್ಲಬ್ಬಿಗೆ ಮಾತ್ರ ಕಾಸಿನ ಬೆಲೆಯೂ ಇಲ್ಲ.

ಹಾಗಾದರೆ ಅಭಿಮಾನಿಗಳು ಕೇಳಬೇಕಾದುದೇನು? ನಮ್ಮ ಕಾಸರಗೋಡು, ದಕ್ಷಿಣ ಕನ್ನಡದ ಕಡೆ ದೇವಸ್ಥಾನದ ಆಡಳಿತ ನೋಡುವವರನ್ನು ಮೊಕ್ತೇಸರರೆನ್ನುತ್ತಾರೆ. ತಲೆಮಾರುಗಳಿಂದ ಆ ಸ್ಥಾನ ಒಂದೇ ಮನೆತನದಲ್ಲಿರಬಹುದು. ಅವರು ಕೈಯಿಂದ ಹಣವನ್ನೂ ಹಾಕಿರಬಹುದು. ಆದರೂ ದೇವರನ್ನು ಮಾರುವ ಹಕ್ಕು ಅವರಿಗಿಲ್ಲ, ಉತ್ಸವಮೂರ್ತಿಯನ್ನು ಬೇರೆ ಊರಿಗೆ ಒಯ್ಯುವ ಹಕ್ಕೂ ಇಲ್ಲ. ಲೆಕ್ಕ ಕೇಳಿದರೆ ಊರಿಗೆ ಒಪ್ಪಿಸಬೇಕು. ಮೊಕ್ತೇಸರ ಕೆಟ್ಟವನಾದರೆ ಊರವರು ಜಗಳವಾಡುತ್ತಾರೆ. ಜಗಳವಾಡಲು ಅವರಿಗೆ ನೆಲೆಯೊಂದಿದೆ. ಕ್ಲಬ್ಬಿನ ಒಡೆತನವೂ ಹೀಗೆ ಮೊಕ್ತೇಸರಿಕೆಯಾಗಬೇಕು. ಒಡೆಯರನ್ನು ಬದಲಿಸುವುದಕ್ಕಿಂತ ಒಡೆತನದ ಅರ್ಥವನ್ನು ಬದಲಿಸುವುದು ಹೆಚ್ಚು ಬಾಳಿಕೆಯ ಗೆಲುವು.

ಇದು ಬರಿಯ ಆದರ್ಶವಲ್ಲ. ಜರ್ಮನಿಯಲ್ಲಿ ಕೆಲವು ಅಪವಾದಗಳನ್ನು ಬಿಟ್ಟರೆ ಕ್ಲಬ್ಬಿನ ಬಹುಮತದ ಮತಾಧಿಕಾರ ಸದಸ್ಯರ ಕೈಯಲ್ಲೇ ಉಳಿಯಬೇಕೆಂಬ ನಿಯಮವಿದೆ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಮೈಕ್ ಆ್ಯಶ್ಲಿ ತೊಲಗಲೆಂದು ಜನ ವರ್ಷಗಟ್ಟಲೆ ಕೂಗಿದರು. 2020ರ ಮಾರಾಟ ನಡುದಾರಿಯಲ್ಲಿ ಮುರಿದು 2021ರ ಅಕ್ಟೋಬರ್‌ನಲ್ಲಷ್ಟೇ ಮುಗಿಯಿತು. ಆ ಕಾಲವೆಲ್ಲ ಅಭಿಮಾನಿಗಳು ಬರಿಯ ಪ್ರೇಕ್ಷಕರು. ಅಂಥ ಅನುಭವಗಳಿಂದ ಕಲಿತ ಆ ದೇಶ 2025ರಲ್ಲಿ ಕಾಯಿದೆ ತಂದಿತು: ಲಾಂಛನ, ಅಂಗಿಯ ಬಣ್ಣ ಬದಲಿಸಲು ಅಭಿಮಾನಿಗಳ ಬಹುಮತ ಬೇಕು, ಮೈದಾನ ಬಿಟ್ಟು ಹೋಗಲು ನಿಯಂತ್ರಕರ ಒಪ್ಪಿಗೆ ಬೇಕು. ನಮ್ಮಲ್ಲಿ ಇಷ್ಟನ್ನಾದರೂ ಲೀಗಿನ ನಿಯಮವಾಗಿ ತರಲು ಕೋಟಿಗಳು ಬೇಕಿಲ್ಲ. ಹೆಸರು, ಊರು, ಬಣ್ಣ ಈ ಮೂರೂ ಮಾರಾಟದ ಸರಕಲ್ಲವೆಂಬ ಒಂದು ಕರಾರು ಸಾಕು.

ಕನ್ನಡಿಗರಿಗೆ ಇದರಲ್ಲೇನು ಎಂದು ಕೇಳಬಹುದು. 2023ರ ಮಾರ್ಚ್‌ನಲ್ಲಿ ಕಂಠೀರವದಲ್ಲಿ ಸುನಿಲ್ ಚೆಟ್ರಿಯವರ ದಿಢೀರ್ ಫ್ರೀ ಕಿಕ್ಕಿನಿಂದ ಕೆರಳಿ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೋದ ಮೇಲಂತೂ ಬೆಂಗಳೂರಿಗೂ ಕೊಚ್ಚಿಗೂ ಹಾವು ಮುಂಗುಸಿಯ ನಂಟು. ಆದರೆ 2025ರ ಆಗಸ್ಟ್‌ನಲ್ಲಿ ಲೀಗ್ ಅತಂತ್ರವಾದಾಗ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯುವುದಾಗಿ ಪ್ರಕಟಿಸಿದ್ದು ನಮ್ಮ ಬೆಂಗಳೂರು ಎಫ್‌ಸಿಯೇ. ಅಲ್ಲಿಯ ಒಡೆಯರು ಸಮರ್ಥರೇ ಇರಬಹುದು. ಅವರಿಗೂ ಒಂದು ದಿನ ಸಾಕೆನಿಸಬಹುದು. ಆ ದಿನ ವೆಸ್ಟ್ ಬ್ಲಾಕಿನಲ್ಲಿ ನಿಂತು ಹಾಡುವ ನಮ್ಮ ಹುಡುಗರ ಕೈಯಲ್ಲಿ ಏನಿರುತ್ತದೆ? ಇಂದು ಮಂಜಪ್ಪಡದ ಕೈಯಲ್ಲಿರುವಷ್ಟೇ: ಕೊಳ್ಳದೆ ಬಿಟ್ಟ ಒಂದು ಟಿಕೆಟ್. ಎದುರಾಳಿಯ ಈ ಜಗಳದಲ್ಲಿ ನಾವು ಅವರ ಪಕ್ಕ ನಿಲ್ಲುವುದು ನಮ್ಮ ಹಿತಕ್ಕಾಗಿಯೂ ಹೌದು.