ಭೀಮೆಯ ಉಸುಕಿನಲ್ಲಿ ಬರಿಗಾಲು
ಮೇ ತಿಂಗಳ ಭೀಮೆಯೆಂದರೆ ಹರಿವಲ್ಲ, ಅಲ್ಲಲ್ಲಿ ನಿಂತ ಮಡುಗಳ ಸಾಲು. ಚಡಚಣ ತಾಲ್ಲೂಕಿನ ಧೂಳಖೇಡದ ಹತ್ತಿರ, ಸೊಲ್ಲಾಪುರದ ಹೆದ್ದಾರಿ ಸೇತುವೆಯಿಂದ ಒಂದಿಷ್ಟು ದೂರ, ಅಂಥದೊಂದು ಮಡುವಿಗೆ ನಸುಕಿನಲ್ಲೇ ಗಾಳ ಬಿಟ್ಟು ಕೂತಿದ್ದೆ. ನೀರು ಕಾದಷ್ಟೂ ಅದರಲ್ಲಿ ಕರಗಿದ ಆಮ್ಲಜನಕ ಕಡಿಮೆಯಾಗುತ್ತದೆ, ಮೀನು ಮಂಕಾಗುತ್ತದೆ, ಎರೆಹುಳುವನ್ನೂ ಮೂಸುವುದಿಲ್ಲ. ಹಾಗಾಗಿ ಹತ್ತು ಗಂಟೆಯೊಳಗೆ ಸಿಕ್ಕಿದ್ದೇ ಭಾಗ್ಯ. ಎರಡು ಸಣ್ಣ ಬಾಳೆಮೀನು ಸಿಕ್ಕವು. ಆ ಖುಷಿಯಲ್ಲಿ ಚಪ್ಪಲಿ ದಂಡೆಯಲ್ಲೇ ಬಿಟ್ಟು ಮಧ್ಯಾಹ್ನದವರೆಗೆ ಕಾದ ಉಸುಕಿನ ಮೇಲೆ ಓಡಾಡಿದೆ. ರಾತ್ರಿ ಮೊಮ್ಮಗಳು ನನ್ನ ಅಂಗಾಲಿನ ಬೊಬ್ಬೆ ಮುಟ್ಟಿ, “ಅಜ್ಜಾ, ಇದು ಉರಿಯಂಗಿಲ್ಲೇನು ನಿನಗ?” ಅಂದಳು. ಉರಿದಿರಲಿಲ್ಲ. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ ಪಾದದ ನರಗಳನ್ನು ಮಂದ ಮಾಡಿದೆ ಎಂಬುದು ನನಗೆ ತಿಳಿದದ್ದು ಆ ಕ್ಷಣ. ರಕ್ತಸಂಚಾರವೂ ಕುಂದಿದ ಕಾಲಿನಲ್ಲಿ ಗಾಯ ಬೇಗ ಮಾಯುವುದಿಲ್ಲ. ನೋವಿಲ್ಲದ ಗಾಯವನ್ನು ಕೀವಾಗುವವರೆಗೆ ಯಾರೂ ನೋಡುವುದೂ ಇಲ್ಲ. ಕಾಲು ಕಳೆದುಕೊಂಡ ಎಷ್ಟೋ ಜನರ ಕಥೆ ಶುರುವಾಗಿದ್ದು ಹೀಗೆಯೇ. ಆಲಮಟ್ಟಿಯ ಹಿನ್ನೀರಿನಲ್ಲಿ ಬಲೆ ಬೀಸುವವರು, ಮುದ್ದೇಬಿಹಾಳದ ಕೃಷ್ಣಾ ತೀರದಲ್ಲಿ ಹರಿಗೋಲು ಹಾಕುವವರು, ಸಿಂದಗಿಯ ತೊಗರಿ ಹೊಲದವರು, ಇವರಲ್ಲಿ ಎಷ್ಟು ಜನ ತಮ್ಮ ಅಂಗಾಲನ್ನು ನೋಡಿಕೊಂಡಿದ್ದಾರೋ ಎಂಬ ಚಿಂತೆ ನನ್ನನ್ನು ಬಿಡುತ್ತಿಲ್ಲ. ಮುಂದಿನ ವಾರ ಮತ್ತೆ ಹೊಳೆಗೆ ಹೊರಟಿದ್ದೇನೆ. ಚೀಲದಲ್ಲಿ ಗಾಳವಿದೆ, ಸಕ್ಕರೆಯಿಲ್ಲದ ಇಂಡಿ ಲಿಂಬೆಯ ನೀರಿದೆ, ಮುಚ್ಚಿದ ಬೂಟಿದೆ. ಅಂಗಾಲು ನೋಡಿಕೊಳ್ಳಲು ಮೊಮ್ಮಗಳು ಕೊಟ್ಟ ಪುಟ್ಟ ಕನ್ನಡಿಯೂ ಇದೆ.