ತಪ್ಪೊಪ್ಪಿಗೆಯಂತೆ ಕಾಣುವ ಭಯ

ಸಂಜೆ ಮನೆಗೆ ಬಂದು ಬಾಗಿಲು ತೆಗೆದರೆ ಹೊಸ ಚಪ್ಪಲಿ ನಡುಮನೆಯಲ್ಲಿ ಚಿಂದಿಯಾಗಿ ಬಿದ್ದಿದೆ. ನಾಯಿ ಮೂಲೆಯಲ್ಲಿ ಕಿವಿ ಹಿಂದಕ್ಕೊತ್ತಿ, ಬಾಲ ಮುದುರಿಕೊಂಡು, ಮುಖ ತಿರುಗಿಸಿ ಕೂತಿದೆ. "ನೋಡಿ, ತಪ್ಪು ಮಾಡಿದ್ದು ಅದಕ್ಕೇ ಗೊತ್ತು" ಎಂದು ಅದೇ ಚಪ್ಪಲಿಯಿಂದ ಎರಡು ಬಾರಿಸುವವರನ್ನು ನಾವೆಲ್ಲ ಕಂಡಿದ್ದೇವೆ.

ಅದಕ್ಕೆ ನಿಜವಾಗಿಯೂ ಗೊತ್ತೇ? ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 14 ಸಾಕುನಾಯಿಗಳನ್ನು ಪರೀಕ್ಷಿಸಿ, 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ತಿಂಡಿ ಮುಟ್ಟಬೇಡವೆಂದು ಹೇಳಿ ಮಾಲೀಕರು ಹೊರಗೆ ಹೋಗುತ್ತಿದ್ದರು. ಮರಳಿ ಬಂದಾಗ ನಾಯಿ ತಿಂದಿತೋ ಇಲ್ಲವೋ ಎಂಬುದನ್ನು ಅವರಿಗೆ ಕೆಲವು ಸಲ ಸುಳ್ಳೇ ಹೇಳಲಾಗುತ್ತಿತ್ತು. ತಿಂದಿತೆಂದು ಕೇಳಿದವರು ನಾಯಿಯನ್ನು ಬೈಯುತ್ತಿದ್ದರು. ಬೈಸಿಕೊಂಡಾಗ ನಾಯಿಗಳು ಆ 'ತಪ್ಪಿತಸ್ಥ' ಮುಖವನ್ನು ಹೆಚ್ಚಾಗಿ ಮಾಡಿದವು. ತಿನ್ನದೆಯೂ ಬೈಸಿಕೊಂಡವುಗಳಲ್ಲಿ ಅದು ಇನ್ನೂ ಹೆಚ್ಚಾಗಿತ್ತು! ನಾವು ಪಶ್ಚಾತ್ತಾಪವೆಂದು ಓದುವುದು ನಮ್ಮ ಸಿಟ್ಟಿಗೆ ನಾಯಿ ಕೊಡುವ ಉತ್ತರ. ಮಧ್ಯಾಹ್ನದ ಚಪ್ಪಲಿಗೂ ಸಂಜೆಯ ಏಟಿಗೂ ಅದರ ಮನಸ್ಸಿನಲ್ಲಿ ನಂಟು ಬೆಳೆಯುವುದಿಲ್ಲ. ಮನೆಯವರು ಬರುವ ಹೊತ್ತು ಅಪಾಯದ್ದು ಎಂಬುದಷ್ಟೇ ಉಳಿಯುತ್ತದೆ.

ಏಟು ಬಿದ್ದರೆ ಸುಮ್ಮನಾಗುತ್ತದಲ್ಲ ಎನ್ನಬಹುದು. ಸುಮ್ಮನಾಗುತ್ತದೆ, ನಿಜ. ನನ್ನ ಆತಂಕವಿರುವುದು ಆ ಮೌನದ ಬಗ್ಗೆಯೇ. ಅನ್ನದ ಬಟ್ಟಲಿಗೆ ಮಗು ಕೈ ಹಾಕಿದಾಗ ನಾಯಿ ಏನು ಮಾಡುತ್ತದೆ ಗಮನಿಸಿ. ಮೊದಲು ಅದರ ಮೈ ಸೆಟೆಯುತ್ತದೆ. ತುಟಿ ನೆಕ್ಕಿಕೊಳ್ಳುತ್ತದೆ. ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ. ಇಷ್ಟಾದರೂ ಕೈ ಸರಿಯದಿದ್ದರೆ ಗುರ್ರೆನ್ನುತ್ತದೆ. ಕಚ್ಚುವ ಮುನ್ನ ಅದು ಇಷ್ಟು ಸಲ ಬೇಡಿಕೊಂಡಿರುತ್ತದೆ. ಗುರ್ರೆಂದಾಗಲೆಲ್ಲ ಹೊಡೆದರೆ ಭಯ ಉಳಿದು ಸದ್ದು ಮಾತ್ರ ಸಾಯುತ್ತದೆ. ಮುಂದೊಂದು ದಿನ ಅದು ನೇರವಾಗಿ ಕಚ್ಚಿದಾಗ "ಇದ್ದಕ್ಕಿದ್ದಂತೆ ಕಚ್ಚಿತು" ಎನ್ನುತ್ತೇವೆ.

ನಾಯಿಗೆ ಯಜಮಾನ ಯಾರೆಂದು ತೋರಿಸಬೇಕು ಎಂಬ ಮಾತಿಗೂ ಬುಡವಿಲ್ಲ. ಅದು ಹುಟ್ಟಿದ್ದು ಒಂದಕ್ಕೊಂದು ಸಂಬಂಧವಿಲ್ಲದ ತೋಳಗಳನ್ನು ಒಂದೇ ಆವರಣದಲ್ಲಿ ಕೂಡಿಹಾಕಿ ನಡೆಸಿದ ಅಧ್ಯಯನದಿಂದ. ಕಾಡಿನ ತೋಳಗಳ ಗುಂಪು ಸಾಮಾನ್ಯವಾಗಿ ತಂದೆ, ತಾಯಿ, ಮರಿಗಳ ಸಂಸಾರವೆಂದು ತೋಳಗಳ ಸಂಶೋಧಕ ಡೇವಿಡ್ ಮೆಕ್ 1999ರಲ್ಲೇ ಬರೆದರು. ತಾವೇ ಹಿಂದೆ ಜನಪ್ರಿಯಗೊಳಿಸಿದ್ದ ವಿಚಾರವನ್ನು ಅವರು ತಿದ್ದಿಕೊಂಡರು.

ಕಲಿಸುವ ದಾರಿ ಸರಳ, ತಾಳ್ಮೆ ಬೇಕು ಅಷ್ಟೆ. ಕೂರೆಂದಾಗ ಕೂತರೆ ಆ ಕ್ಷಣವೇ ಒಂದು ತುಣುಕು ತಿಂಡಿ ಕೊಡಿ. ತಡವಾದರೆ ಅದು ಬೇರೆ ಯಾವುದಕ್ಕೋ ಸಿಕ್ಕಿತೆಂದುಕೊಳ್ಳುತ್ತದೆ. ಚಪ್ಪಲಿಯನ್ನು ಎತ್ತರದಲ್ಲಿಡಿ, ಕಡಿಯಲು ಬೇರೇನಾದರೂ ಕೊಡಿ. ಗುರ್ರೆನ್ನುವ ನಾಯಿಗೆ ದಯವಿಟ್ಟು ಹೊಡೆಯಬೇಡಿ, ಮಗುವನ್ನು ಪಕ್ಕಕ್ಕೆ ಕರೆದುಕೊಳ್ಳಿ.