ಮೊದಲು ಮಟ್ಟ, ಆಮೇಲೆ ಮೀನು

ಪರೀಕ್ಷೆ ಮುಗಿದು ರಜೆ ಶುರುವಾದೊಡನೆ ಮಕ್ಕಳ ಬೇಡಿಕೆಗಳ ಪಟ್ಟಿಯಲ್ಲಿ ಮೀನಿನ ತೊಟ್ಟಿಯೂ ಸೇರಿಕೊಳ್ಳುತ್ತದೆ. ಮೇಜಿನ ಮೇಲಿಡುವ ಪುಟ್ಟ ಗಾಜಿನ ಬೋಗುಣಿಯಾದರೆ ಚಿಂತೆಯಿಲ್ಲ. ನಾಲ್ಕು ಅಡಿ ಉದ್ದದ ಅಕ್ವೇರಿಯಂ ಆದರೆ ಮಾತೇ ಬೇರೆ. ಮೀನಿನ ಬಣ್ಣ, ಗಿಡ, ದೀಪ ಎಲ್ಲವನ್ನೂ ವಿಚಾರಿಸುವ ಮನೆಯವರು ಅದನ್ನು ಯಾವುದರ ಮೇಲೆ, ಹೇಗೆ ಕೂರಿಸಬೇಕೆಂದು ಕೇಳುವುದನ್ನೇ ಮರೆಯುತ್ತಾರೆ.

ಒಂದು ಸಣ್ಣ ಲೆಕ್ಕ ನೋಡಿ. ತೊಟ್ಟಿಯ ಉದ್ದ 120 ಸೆಂ.ಮೀ., ಅಗಲ ಮತ್ತು ಎತ್ತರ ತಲಾ 45 ಸೆಂ.ಮೀ. ಎಂದುಕೊಳ್ಳೋಣ. ಅಂಚಿನವರೆಗೆ ತುಂಬಿದರೆ 243 ಲೀಟರ್ ನೀರು. ಅಂದರೆ 243 ಕಿಲೋ. 10 ಮಿ.ಮೀ. ದಪ್ಪದ ಗಾಜು ಚದರ ಮೀಟರಿಗೆ 25 ಕಿಲೋ ತೂಗುವುದರಿಂದ ಗಾಜಿನದೇ ಸುಮಾರು 50 ಕಿಲೋ. ಮರಳು, ಕಲ್ಲು ಸೇರಿದರೆ 300 ಕಿಲೋ ದಾಟುತ್ತದೆ. ಐವರು ದೊಡ್ಡವರು ಹಗಲೂ ರಾತ್ರಿ ಒಂದೇ ಮೇಜಿನ ಮೇಲೆ ನಿಂತಂತೆ! ಇದಕ್ಕೆ ಹಳೆಯ ಟಿ.ವಿ. ಸ್ಟ್ಯಾಂಡು ಸಾಲದು. ವೆಲ್ಡ್ ಮಾಡಿದ ಕಬ್ಬಿಣದ ಆಂಗಲ್ ಅಥವಾ ಗಟ್ಟಿ ಮರದ ಸ್ಟ್ಯಾಂಡೇ ಬೇಕು.

ತೂಕ ಕೆಳಕ್ಕೆ ಮಾತ್ರ ಒತ್ತುವುದಿಲ್ಲ. ಆಳ ಹೆಚ್ಚಿದಂತೆ ನೀರಿನ ಒತ್ತಡ ಹೆಚ್ಚುತ್ತದೆಂಬುದನ್ನು ಸೈಮನ್ ಸ್ಟೆವಿನ್ 1586ರಲ್ಲೇ ವಿವರಿಸಿದ್ದ. ಆ ಲೆಕ್ಕದಂತೆ ಈ ತೊಟ್ಟಿಯ ಮುಂದಿನ ಗಾಜನ್ನು ನೀರು ಸುಮಾರು 120 ಕಿಲೋ ತೂಕದಷ್ಟು ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಮಕ್ಕಳು ಮೂಗು ತಾಗಿಸಿ ಕೂರುವುದು ಅದೇ ಗಾಜಿನ ಮುಂದೆ.

ತೊಟ್ಟಿ ಒಂದು ಬದಿಗೆ ಒಂದು ಸೆಂಟಿಮೀಟರ್ ವಾಲಿದರೆ ಆ ಬದಿಯಲ್ಲಿ ಒತ್ತಡ ಹೆಚ್ಚುವುದು ಅತ್ಯಲ್ಪ. ಅದಕ್ಕಿಂತ ಅಪಾಯಕಾರಿಯಾದುದು ತಿರುಚು. ಮೂರು ಕಾಲಿನ ಮಣೆ ಎಲ್ಲಿಟ್ಟರೂ ಅಲುಗುವುದಿಲ್ಲ. ನಾಲ್ಕು ಕಾಲಿನದು ಅಲುಗಬಹುದು. ಹಾಗೆಯೇ ತೊಟ್ಟಿಯ ಮೂರು ಮೂಲೆ ಕುಳಿತು ನಾಲ್ಕನೆಯದು ತೇಲಿದ್ದರೆ, ನೀರು ತುಂಬಿದಾಗ ತಳ ಬಾಗಲು ನೋಡುತ್ತದೆ. ಕಬ್ಬಿಣ ಬಾಗುತ್ತದೆ, ಮರ ಮಣಿಯುತ್ತದೆ, ಗಾಜು ಒಡೆಯುತ್ತದೆ. ಒಡೆಯದಿದ್ದರೂ ಸಿಲಿಕೋನ್ ಅಂಟಿನ ಬೆಸುಗೆ ಎಳೆತಕ್ಕೆ ಸಿಕ್ಕುತ್ತದೆ. ಸೋರಿಕೆ ಅಂದೇ ಕಾಣಬೇಕೆಂದಿಲ್ಲ; ವಾರಗಳ ನಂತರ, ಎಲ್ಲರೂ ಮಲಗಿರುವಾಗಲೂ ಕಾಣಿಸಿಕೊಳ್ಳಬಹುದು.

ನಮ್ಮ ಮನೆಗಳ ನೆಲ ಎಲ್ಲೆಡೆ ಒಂದೇ ಸಮವಿರುವುದಿಲ್ಲ; ತೊಳೆದ ನೀರು ಹರಿದುಹೋಗಲೆಂದು ಕೆಲವೆಡೆ ತುಸು ಇಳಿಜಾರು ಕೊಟ್ಟಿರುತ್ತಾರೆ. ಆದ್ದರಿಂದ ಮೊದಲು ಬರಿಯ ಸ್ಟ್ಯಾಂಡನ್ನು ಜಾಗದಲ್ಲಿಟ್ಟು, ಗಾರೆ ಕೆಲಸದವರು ಬಳಸುವ ರಸಮಟ್ಟದಿಂದ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ನೋಡಬೇಕು. ರಸಮಟ್ಟವನ್ನು ಅದೇ ಜಾಗದಲ್ಲಿ ತಿರುಗಿಸಿಟ್ಟಾಗಲೂ ಗುಳ್ಳೆ ಅಲ್ಲೇ ನಿಂತರೆ ಉಪಕರಣ ಸರಿಯಿದೆ ಎಂದರ್ಥ. ತಗ್ಗಿದ ಕಾಲಿನ ಕೆಳಗೆ ತಗಡಿನ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಚಪ್ಪಟೆ ತುಂಡು ಕೊಡಬೇಕು. ಮಡಿಸಿದ ಕಾಗದ, ರಟ್ಟು ಬೇಡ, ಒದ್ದೆಯಾದರೆ ಕುಸಿಯುತ್ತವೆ. ತೊಟ್ಟಿಗೂ ಸ್ಟ್ಯಾಂಡಿಗೂ ನಡುವೆ ಮಾತ್ರ ಯಾವ ತುಂಡನ್ನೂ ತುರುಕಬಾರದು.

ಸ್ಟ್ಯಾಂಡಿನ ಮೇಲೆ ದಪ್ಪ ಪ್ಲೈವುಡ್, ಅದರ ಮೇಲೆ ತೊಟ್ಟಿಯ ಅಳತೆಯ ಥರ್ಮೊಕೋಲ್ ಹಾಳೆ. ಗಾಜಿನಡಿ ಸಿಕ್ಕ ಒಂದು ಮರಳ ಕಾಳೂ ಬಿರುಕಿಗೆ ಕಾರಣವಾಗಬಹುದು. ಥರ್ಮೊಕೋಲ್ ಅಂಥ ಸಣ್ಣ ಉಬ್ಬುತಗ್ಗನ್ನು ನುಂಗುತ್ತದೆ, ಇಳಿಜಾರನ್ನಲ್ಲ. ತಳದ ಗಾಜು ಚೌಕಟ್ಟಿನೊಳಗೆ ಮೇಲೆದ್ದಿರುವ ತೊಟ್ಟಿಗೆ ಮಾತ್ರ ಈ ಹಾಳೆ ಬೇಡ. ಅದರ ಭಾರ ಚೌಕಟ್ಟಿನ ಮೇಲೇ ಕೂರಬೇಕು.

ಇನ್ನು ಮಕ್ಕಳ ಸರದಿ. ನಾಲ್ಕು ಬೆರಳು ನೀರು ತುಂಬಿ, ಮೇಲಂಚಿನಿಂದ ನೀರಿನವರೆಗೆ ನಾಲ್ಕೂ ಮೂಲೆಗಳಲ್ಲಿ ಸ್ಕೇಲಿನಿಂದ ಅಳೆಯಲಿ. ನಿಂತ ನೀರಿಗಿಂತ ನಂಬಿಕೆಯ ಮಟ್ಟ ಬೇರಿಲ್ಲ. ಅಳತೆಯಲ್ಲಿ ವ್ಯತ್ಯಾಸ ಕಂಡರೆ ನೀರು ತೆಗೆದು, ತೊಟ್ಟಿ ಇಳಿಸಿ, ಕಾಲುಗಳನ್ನು ಸರಿಪಡಿಸಬೇಕು. ನೀರಿರುವ ತೊಟ್ಟಿಯನ್ನು ಎತ್ತುವುದಾಗಲಿ ಸರಿಸುವುದಾಗಲಿ ಕೂಡದು. ಅಳತೆ ಸರಿಬಂದ ಮೇಲೆ ಅರ್ಧ ತುಂಬಿ ಒಂದು ದಿನ ಬಿಟ್ಟು ಮತ್ತೆ ಅಳೆದು, ಅನಂತರ ಪೂರ್ತಿ ತುಂಬಬಹುದು.

ಮೀನು ತರುವುದು ನಾಲ್ಕು ದಿನ ತಡವಾದೀತು, ಮಕ್ಕಳು ಮುಖ ಊದಿಸಿಕೊಂಡಾರು. ಆದರೆ ನಾಲ್ಕು ಮೂಲೆಗಳ ಅಳತೆಯನ್ನು ತಾವೇ ಬರೆದಿಟ್ಟ ಮಕ್ಕಳಿಗೆ ದ್ರವದ ಒತ್ತಡದ ಪಾಠವನ್ನು ಉರು ಹೊಡೆಯುವ ಕಷ್ಟ ಇರುವುದಿಲ್ಲ. ಹೆತ್ತವರಿಗೂ ರಾತ್ರಿ ನೆಮ್ಮದಿಯ ನಿದ್ದೆ.